ಸೌಂಡ್ ಬರುವ ಕಾರ್ಡು

ಬೋವಿಕಾನ
ಸೋಮವಾರ, ೧೨ ನವೆಂಬರ್ ೨೦೦೭

ನಮ್ಮ ಮನೆಯ ಶುಕ್ರವಾರದ ಫೋನಿನವರಿಗೆ ಪ್ರಫುಲ್ಲಾ ಮಾಡುವ ನಮಸ್ಕಾರ.

ಇಲ್ಲಿ ನಾನು, ಅತ್ತೆ ಇಬ್ಬರೂ ಕ್ಷೇಮ. ದೀಪಾವಳಿಯ ಎಣ್ಣೆಸ್ನಾನದ ನಂತರ ಅತ್ತೆಯ ಮೊಣಕಾಲು ನೋವು ಸ್ವಲ್ಪ ಹಗುರಾಗಿದೆ. ಇದೆಲ್ಲ ನಿಮಗೆ ಫೋನಿನಲ್ಲಿ ಗೊತ್ತಾಗಿಯೇ ಇರುತ್ತದೆ. ನನ್ನ ಕ್ಷೇಮವೂ ಗೊತ್ತಾಗಿರುತ್ತದೆ, ಆದರೆ ‘ಚೆನ್ನಾಗಿದ್ದಾಳಂತೆ’ ಎಂಬ ರೂಪದಲ್ಲಿ. ಒಂದೇ ಸೂರಿನ ಕೆಳಗಿರುವ ಸೊಸೆ ಚೆನ್ನಾಗಿದ್ದಾಳೋ ಇಲ್ಲವೋ ಎಂದು ಅತ್ತೆಗೆ ಗೊತ್ತಿಲ್ಲವೆಂದಲ್ಲ. ನಾನು ಪಕ್ಕದಲ್ಲಿ ನಿಂತು ಹೇಳಿದ್ದನ್ನು ಅವರು ಫೋನಿಗೆ ದಾಟಿಸುವಾಗ ಈ ಅಂತೆ ಬಂದು ಅಂಟಿಕೊಳ್ಳುತ್ತದೆ. ಕಳೆದ ಶಿವರಾತ್ರಿಯಿಂದ ನಮ್ಮ ಸಂಸಾರ ನಡೆಯುತ್ತಿರುವುದೇ ಅಂತೆಯಲ್ಲಿ. ಅವನಿಗೆ ಜ್ವರವಂತೆ, ಅವಳು ಕಷಾಯ ಕುಡಿಯಲು ಹೇಳಿದ್ದಾಳಂತೆ, ಕುಡಿದನಂತೆ, ಕಹಿಯಂತೆ. ಪುರಾಣ ಹೇಳುವವರೂ ಇಷ್ಟು ಅಂತೆ ಸೇರಿಸುವುದಿಲ್ಲ.

ಅದಕ್ಕೇ ಈ ಕಾಗದ. ಕೃಷ್ಣಕುಮಾರಣ್ಣ ರಜೆ ಮುಗಿಸಿ ನಾಡಿದ್ದು ಬುಧವಾರ ಮಂಗಳೂರಿನಿಂದ ವಿಮಾನ ಹತ್ತುತ್ತಾರೆ. ಹೇಗೂ ಶಾರ್ಜಾದಲ್ಲಿ ನಿಮ್ಮ ಕೋಣೆಗೇ ಬರುವವರು, ಹಪ್ಪಳದ ಕಟ್ಟಿನೊಂದಿಗೆ ಇದನ್ನೂ ಅವರ ಕೈಯಲ್ಲಿ ಕಳಿಸುತ್ತೇನೆ. ಬಾಯಿಯಲ್ಲಿ ತುಳುವಾದರೂ ಬರೆಯಲು ನಮಗೆ ಶಾಲೆಯಲ್ಲಿ ಕಲಿತ ಕನ್ನಡವೇ ಗತಿ. ಆದ್ದರಿಂದ ನಡುನಡುವೆ ನಾನು ಟೀಚರಮ್ಮನ ಹಾಗೆ ಕೇಳಿಸಿದರೆ ಸಹಿಸಿಕೊಳ್ಳಿ. ವಿಷಯಕ್ಕೆ ಬರುತ್ತೇನೆ. ನೀವು ಕಳಿಸಿದ ಕಾರ್ಡು ನಾನು ಕೇಳಿದ ಕಾರ್ಡು ಅಲ್ಲ.

ಕಾಗದ ಮಡಚಿಡಬೇಡಿ. ಮುಂದೆ ಓದಿ.

ಸೌಂಡ್ ಕಾರ್ಡ್ ಎಂದರೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಒಳಗೆ ಸಿಕ್ಕಿಸುವ ಒಂದು ಹಸಿರು ಹಲಗೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಮೈತುಂಬ ಬೆಸುಗೆಯ ಚುಕ್ಕಿಗಳು. ಅದರ ಒಂದು ತುದಿ ಪೆಟ್ಟಿಗೆಯ ಹಿಂಬದಿಗೆ ಬರುತ್ತದೆ, ಹೆಡ್‌ಫೋನಿನ ಪಿನ್ನು ಚುಚ್ಚುವುದು ಅಲ್ಲಿ. ಅದು ಹಾಡುವುದಿಲ್ಲ. ಅದರ ಮೇಲೆ ಗುಲಾಬಿ ಹೂವಿನ ಚಿತ್ರವೂ ಇರುವುದಿಲ್ಲ.

ನನಗೆ ಅದು ಯಾಕೆ ಬೇಕಿತ್ತು ಎಂದು ಹೇಳಲು ಹೊರಟರೆ ನಮ್ಮ ಜಗಳದಿಂದಲೇ ಶುರು ಮಾಡಬೇಕು. ನಾನು ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುತ್ತೇನೆ ಎಂದು ಯಾರೋ ಪುಣ್ಯಾತ್ಮರು ನಿಮ್ಮ ಕಿವಿಗೆ ಹಾಕಿದರು. ಹಾಕಿದ್ದು ಸುಳ್ಳಲ್ಲ. ಬೆಳಿಗ್ಗೆಯೆಲ್ಲ ಮದುವೆಯ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ ಟೈಪ್ ಮಾಡಿ, ಝೆರಾಕ್ಸ್ ಮಾಡಿ, ಊಟದ ನಂತರ ಪೇಟೆ ತೂಕಡಿಸುವ ಹೊತ್ತಿನಲ್ಲಿ ನಾನು ಆಡುತ್ತೇನೆ. ಎದುರಿನ ಕಂಪ್ಯೂಟರಿನಲ್ಲಿ ರಿಪೇರಿ ಅಂಗಡಿಯ ಶ್ಯಾಮ ಕೂರುತ್ತಾನೆ. ಕಾಲೇಜು ಬಿಟ್ಟ ಮೇಲೆ ಇನ್ನಿಬ್ಬರು ಹುಡುಗಿಯರು ಸೇರುತ್ತಾರೆ. ನೀವು ಅಂದು ಫೋನಿನಲ್ಲಿ, ನಾನಿಲ್ಲಿ ನೀರಿನ ಲಾರಿಯಲ್ಲಿ ಬೇಯುತ್ತೇನೆ, ನೀನಲ್ಲಿ ಆಟವಾಡು ಎಂದಿರಿ. ನಿಮ್ಮನ್ನು ಬಿಸಿಲಿಗೆ ನಾನು ಕಳಿಸಿದ್ದಲ್ಲ ಎಂದೆ. ಫೋನು ಇಟ್ಟದ್ದು ನೀವೋ ನಾನೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಮುಂದಿನ ಶುಕ್ರವಾರ ನೀವು ಅಮ್ಮನನ್ನು ಕರೆಯಲು ಹೇಳಿದಿರಿ, ನಾನೂ ರಿಸೀವರನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ನಿಂತೆ. ಅಲ್ಲಿಂದ ಅಂತೆ ಶುರುವಾಯಿತು.

ಆಟ ಬಿಡಲಿಲ್ಲ, ಬಿಡುವುದೂ ಇಲ್ಲ. ನೀವು ಎಡನೀರಿನಲ್ಲಿ ತಾಳಮದ್ದಳೆಗೆ ಮದ್ದಳೆ ಬಾರಿಸಲು ಹೋಗುತ್ತಿದ್ದಾಗ ಊಟ ಆರುತ್ತದೆ ಎಂದು ನಾನು ಒಂದು ದಿನ ತಡೆದದ್ದುಂಟೇ? ಮನಸ್ಸಿಗೆ ಹಿಡಿಸಿದ್ದು ಒಬ್ಬೊಬ್ಬರಿಗೆ ಒಂದೊಂದು. ನನಗೆ ಹಿಡಿಸಿದ್ದು ಇದು. ಮೂವತ್ತನಾಲ್ಕರ ಹೆಂಗಸಿಗೆ ಇದು ಬೇಕೇ ಎಂದು ಕೇಳುವವರಿಗೆ ಅಂಗಡಿಯಲ್ಲಿ ಬೆಂಚು ಇದೆ, ಕೂತು ನೋಡಲಿ.

ಆ ಆಟದಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ಶತ್ರು ಗೋಡೆಯ ಆಚೆ ನಡೆಯುತ್ತಿರುತ್ತಾನೆ, ಕಾಣುವುದಿಲ್ಲ, ಹೆಜ್ಜೆ ಮಾತ್ರ ಕೇಳುತ್ತದೆ. ಎಡದಿಂದ ಬಂದನೋ ಬಲದಿಂದ ಬಂದನೋ ತಿಳಿಯದಿದ್ದರೆ ನೀವು ತಿರುಗುವಷ್ಟರಲ್ಲಿ ಕಥೆ ಮುಗಿಯಿತು. ನನ್ನ ಕಂಪ್ಯೂಟರಿಗೆ ಹುಟ್ಟಿನಿಂದಲೇ ಬಂದ ಸೌಂಡು ಹೇಗಿದೆಯೆಂದರೆ, ಮೌಸ್ ಅಲ್ಲಾಡಿಸಿದಾಗಲೆಲ್ಲ ಕಿವಿಯಲ್ಲಿ ಕಿರ್ ಎನ್ನುತ್ತದೆ. ಹಳೆಯ ಹೆಡ್‌ಫೋನಿನಲ್ಲಿ ಎಲ್ಲ ಹೆಜ್ಜೆಗಳೂ ತಲೆಯ ನಡುವೆಯೇ ನಡೆಯುತ್ತಿದ್ದವು. ಶ್ಯಾಮ ಬೆನ್ನ ಹಿಂದೆಯೇ ಬಂದು ನಿಂತರೂ ನನಗೆ ತಿಳಿಯುತ್ತಿರಲಿಲ್ಲ. ಸೋತು ಸೋತು ಸಾಕಾಗಿತ್ತು.

ಮೊದಲು ಯಾವುದು ತೆಗೆದುಕೊಳ್ಳುವುದು ಎಂದು ನಮ್ಮೊಳಗೆ ದೊಡ್ಡ ಚರ್ಚೆಯೇ ಆಯಿತು. ಶ್ಯಾಮನ ಪ್ರಕಾರ ಹೆಡ್‌ಫೋನು ಮೊದಲು. ಕಾರ್ಡು ಎಷ್ಟು ಒಳ್ಳೆಯದಾದರೂ ಕಿವಿಗೆ ಬರುವುದು ಹೆಡ್‌ಫೋನಿನಿಂದ ತಾನೇ ಎಂಬುದು ಅವನ ವಾದ. ನನ್ನ ಪ್ರಕಾರ ಕಾರ್ಡು ಮೊದಲು, ಏಕೆಂದರೆ ಬಾವಿಯ ನೀರೇ ಕೆಸರಾದರೆ ಕೊಡಪಾನ ಬದಲಿಸಿ ಏನು ಪ್ರಯೋಜನ? ಕಿವಿಯನ್ನು ಪೂರ್ತಿ ಮುಚ್ಚುವಂಥ ಹೆಡ್‌ಫೋನೇ ಆಗಬೇಕು, ಇಲ್ಲವಾದರೆ ರಸ್ತೆಯ ಬಸ್ಸಿನ ಹಾರ್ನೂ ಶತ್ರುವಿನ ಹೆಜ್ಜೆಯೂ ಕಲಸಿಹೋಗುತ್ತವೆ ಎಂಬಲ್ಲಿ ಇಬ್ಬರದೂ ಒಂದೇ ಮಾತು. ಬಾಯಿಯ ಹತ್ತಿರ ಮೈಕ್ ಇರುವುದು ಬೇಕು ಎಂದ. ಬೇಡವೆಂದೆ. ಆಡುವವರೆಲ್ಲ ಒಂದೇ ಅಂಗಡಿಯಲ್ಲಿ ಕುಳಿತಿರುವಾಗ ಬೈಯಲಿಕ್ಕೆ ಮೈಕ್ ಯಾಕೆ?

ಕೊನೆಗೆ ಎರಡನ್ನೂ ನಿಮ್ಮ ಹತ್ತಿರವೇ ಕೇಳುವುದೆಂದು ನಿಶ್ಚಯಿಸಿದೆ. ಕೃಷ್ಣಕುಮಾರಣ್ಣ ಊರಿಗೆ ಬರುವುದಿತ್ತಲ್ಲ. ಶುಕ್ರವಾರ ಫೋನು ಬಂದಾಗ ಅತ್ತೆಯ ಪಕ್ಕ ನಿಂತು, ಒಂದು ಒಳ್ಳೆಯ ಹೆಡ್‌ಫೋನು, ಒಂದು ಸೌಂಡ್ ಕಾರ್ಡು ಎಂದೆ. ಒಲೆಯ ಮೇಲೆ ಹಾಲು ಇಟ್ಟದ್ದು ನೆನಪಾಗಿ ಒಳಗೆ ಓಡಿದೆ. ಆ ಹೊತ್ತಿನಲ್ಲಿ ಅತ್ತೆ ನಿಮಗೆ ದಾಟಿಸಿದ್ದು, ಅವಳಿಗೆ ಸೌಂಡ್ ಬರುವ ಕಾರ್ಡು ಬೇಕಂತೆ ಎಂದು. ಇದು ನನಗೆ ಗೊತ್ತಾದದ್ದು ಪಾರ್ಸೆಲ್ ಬಿಚ್ಚಿದ ಮೇಲೆ.

ಪಾರ್ಸೆಲನ್ನು ಕೃಷ್ಣಕುಮಾರಣ್ಣ ಮನೆಗೆ ತಾರದೆ ಸೀದಾ ಅಂಗಡಿಗೇ ತಂದಿದ್ದರು. ರೇಶನ್ ಕಾರ್ಡ್ ಝೆರಾಕ್ಸಿಗೆಂದು ಬಂದ ಬಟ್ಯಣ್ಣ ಬೆಂಚಿನಲ್ಲಿದ್ದರು. ಶ್ಯಾಮನಂತೂ ಸ್ಕ್ರೂ ಡ್ರೈವರ್ ಹಿಡಿದು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿಟ್ಟೇ ಕಾದಿದ್ದ. ಹೆಡ್‌ಫೋನಿನ ಅಡಿಯಲ್ಲಿ ಒಂದು ಲಕೋಟೆ ಇತ್ತು. ಸೌಂಡ್ ಕಾರ್ಡ್ ಇಷ್ಟು ತೆಳ್ಳಗೆ ಬರುತ್ತದೆಯೇ ಎಂದುಕೊಂಡು ಬಿಡಿಸಿದೆ. ಟಿಣಿಟಿಣಿ ಎಂದು ಹಾಡಲು ಶುರು ಮಾಡಿತು. ಕೆಂಪು ಗುಲಾಬಿ, ಸುತ್ತ ಚಿನ್ನದ ಬಣ್ಣದ ಗೆರೆ. ಗಾಬರಿಯಲ್ಲಿ ಅದನ್ನು ಮುಚ್ಚಬೇಕೆಂದೂ ನನಗೆ ಹೊಳೆಯಲಿಲ್ಲ. ಅಂಗಡಿ ತುಂಬ ಟಿಣಿಟಿಣಿ. ಶ್ಯಾಮ ಅದನ್ನು ನೋಡಿದ, ಬಿಚ್ಚಿದ ಪೆಟ್ಟಿಗೆ ನೋಡಿದ, ನನ್ನ ಮುಖ ನೋಡಿದ.

“ಅಕ್ಕಾ, ಇದನ್ನು ಯಾವ ಸ್ಲಾಟಿಗೆ ಹಾಕುದು?” ಎಂದ.

ಬಟ್ಯಣ್ಣ ನಕ್ಕು ನಕ್ಕು ರೇಶನ್ ಕಾರ್ಡನ್ನು ಮೆಷಿನಿನಲ್ಲೇ ಬಿಟ್ಟು ಹೋದರು. ಬೋವಿಕಾನ ಪೇಟೆಯಲ್ಲಿ ಈಗ ನನ್ನನ್ನು ಕಂಡರೆ ಟಿಣಿಟಿಣಿ ಎನ್ನದವರು ಕಡಿಮೆ.

ಇನ್ನೊಂದು ವಿಷಯ. ಕಾರ್ಡಿನ ಮೇಲೆ ‘ಗೆಟ್ ವೆಲ್ ಸೂನ್’ ಎಂದು ಬರೆದಿದೆ. ಅದು ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೊಡುವ ಕಾರ್ಡು. ನೀವು ಹಾಡು ಕೇಳಿ ಆರಿಸಿದ್ದೇ ಹೊರತು ಬರೆಹ ಓದಿ ಅಲ್ಲ ಎಂದು ನನಗೆ ಗೊತ್ತು. ಒಳಗೆ ನಿಮ್ಮ ಕೈಬರಹದಲ್ಲಿ ಇರುವುದು ‘ಕೆ. ಲತೀಶ್’ ಎಂದು ಮಾತ್ರ, ಇನಿಶಿಯಲ್ ಸಮೇತ. ಬ್ಯಾಂಕಿಗೆ ಹಾಕುವ ಸಹಿ. ಹೆಂಡತಿಗೆ ಗುಲಾಬಿ ಹೂವಿನ ಕಾರ್ಡು ಕಳಿಸುವ ಗಂಡಸು ಇನಿಶಿಯಲ್ ಹಾಕುತ್ತಾನೆಯೇ ಮಾರಾಯ್ರೆ?

ಆ ದಿನ ಅಂಗಡಿಯಲ್ಲಿ ಎಲ್ಲರೊಂದಿಗೆ ನಾನೂ ನಕ್ಕೆ. ನಗು ನಿಂತದ್ದು ಮನೆಗೆ ನಡೆಯುವ ದಾರಿಯಲ್ಲಿ. ಇಷ್ಟು ತಿಂಗಳ ಮೇಲೆ ಅವಳಾಗಿಯೇ ಒಂದು ಕಾರ್ಡು ಕೇಳಿದಳು ಎಂದು ನೀವು ತಿಳಿದಿರಿ. ಕೇಳಿದ್ದಕ್ಕೆ ಕೊಟ್ಟಿರಿ. ಜಗಳ ಮುಗಿಯಲಿ ಎಂದೇ ಕೇಳಿದ್ದಾಳೆ ಎಂದುಕೊಂಡಿರಬೇಕು. ಈಗ ನಾನು ಕೇಳಿದ್ದು ಅದಲ್ಲ, ಕಂಪ್ಯೂಟರಿನ ಸಾಮಾನು ಎಂದರೆ ನಿಮ್ಮ ಮುಖ ಎಲ್ಲಿ ಇಡುತ್ತೀರಿ ಎಂದು ನನಗೆ ಸಂಕಟವಾಯಿತು. ಕಾರ್ಡು ಹೇಗಾಯಿತಂತೆ ಎಂದು ನೀವು ಅತ್ತೆಯಲ್ಲಿ ವಾರವಾರವೂ ಕೇಳುವುದು ರಿಸೀವರಿನ ಹೊರಗೆ ನಿಂತ ನನಗೂ ಕೇಳುತ್ತದೆ. ಒಳ್ಳೆಯದಿದೆ ಎನ್ನಲು ಅತ್ತೆಗೆ ಕೈಸನ್ನೆ ಮಾಡುತ್ತೇನೆ. ಒಳ್ಳೆಯದಿದೆಯಂತೆ ಎನ್ನುತ್ತಾರೆ. ಒಂದು ತಿಂಗಳಿನಿಂದ ಇದೇ ನಾಟಕ. ಇನ್ನು ನನ್ನಿಂದಾಗದು.

ಹೆಡ್‌ಫೋನಿನ ಕಥೆ ಬೇರೆಯೇ. ನೀವು ಹೇಳದಿದ್ದರೂ ಕೃಷ್ಣಕುಮಾರಣ್ಣ ಎಲ್ಲ ಹೇಳಿದರು. ರಜೆಯ ಶುಕ್ರವಾರ ವಾಕ್‌ಮನ್ ಮತ್ತು ಯಕ್ಷಗಾನದ ಕ್ಯಾಸೆಟ್ ಜೇಬಿನಲ್ಲಿ ಹಾಕಿಕೊಂಡು ನೀವು ಅವರನ್ನೂ ಎಳೆದುಕೊಂಡು ಅಂಗಡಿ ಅಂಗಡಿ ಸುತ್ತಿದಿರಂತೆ. ನೋಡಿ, ಅಂತೆ ಬಿಡುತ್ತೇನೆಂದರೂ ಬಿಡುವುದಿಲ್ಲ. ಹೆಡ್‌ಫೋನು ಕಿವಿಗಿಟ್ಟು ಕಣ್ಣುಮುಚ್ಚಿ ನಿಲ್ಲುವುದು, ತಲೆಯಾಡಿಸಿ ತೆಗೆದಿಡುವುದು. ಒಂದರಲ್ಲಿ ಚೆಂಡೆಯ ಅಬ್ಬರಕ್ಕೆ ಭಾಗವತರ ಸ್ವರವೇ ಮುಳುಗಿತ್ತು. ಇನ್ನೊಂದರಲ್ಲಿ ಭಾಗವತರು, ಚೆಂಡೆ, ಮದ್ದಳೆ ಎಲ್ಲ ಒಂದೇ ಮಣೆಯ ಮೇಲೆ ಒತ್ತಿಕೊಂಡು ಕೂತ ಹಾಗಿತ್ತು. ಮತ್ತೊಂದು ಕಿವಿ ಹಿಂಡುತ್ತಿತ್ತು. ಅಂಗಡಿಯ ತಲಶ್ಶೇರಿಯವನು, ನಿಮಗೆ ಬೇಕಾದ್ದು ಹೆಡ್‌ಫೋನೋ ದೇವಸ್ಥಾನವೋ ಎಂದು ಮಲಯಾಳದಲ್ಲಿ ಕೇಳಿದನಂತೆ. ಕೊನೆಗೆ ಚೆಂಡೆ ಒಂದು ಬದಿ, ಮದ್ದಳೆ ಇನ್ನೊಂದು ಬದಿ, ನಡುವೆ ಭಾಗವತರು ಎಂದು ರಂಗಸ್ಥಳದಲ್ಲಿ ಕೂತ ಹಾಗೆಯೇ ಕೇಳಿದ ಒಂದನ್ನು ಹಿಡಿದುಕೊಂಡು, ಇದು ಸಾಕು ಎಂದಿರಿ.

ಆಟಕ್ಕೆ ಬೇಕಾದ್ದೂ ಅದುವೇ. ಯಾವುದು ಯಾವ ಬದಿಯಲ್ಲಿದೆ ಎಂದು ಕಿವಿಗೆ ತಿಳಿಯಬೇಕು, ಅಷ್ಟೆ. ಶ್ಯಾಮ ಪತ್ರಿಕೆಗಳಲ್ಲಿ ಓದಿ ಗುರುತು ಹಾಕಿದ ಹೆಡ್‌ಫೋನುಗಳಲ್ಲಿ ಇದರ ಹೆಸರೇ ಇಲ್ಲ. ಪಿನ್ನು ದಪ್ಪ, ನಿಮ್ಮ ವಾಕ್‌ಮನ್‌ಗೆ ಸಿಕ್ಕಿಸಲು ಅಂಗಡಿಯವನು ಕೊಟ್ಟ ಕನ್ವರ್ಟರ್ ಅಲ್ಲಿಯೇ ಉಳಿದಿರಬೇಕು, ಅವನೇ ಕಾಸರಗೋಡಿನಿಂದ ಬೇರೊಂದು ತಂದು ಸಿಕ್ಕಿಸಿಕೊಟ್ಟ. ಮೊದಲ ದಿನವೇ ಗೋಡೆಯಾಚೆ ಅವನು ಎಡದಿಂದ ಬಲಕ್ಕೆ ನಡೆದು ನಿಂತದ್ದು ನನಗೆ ಸ್ಪಷ್ಟವಾಗಿ ಕೇಳಿತು. ತಿರುಗಿ ಹೊಡೆದೆ. ಅವನು ಎದ್ದು ಬಂದು ನನ್ನ ಹೆಡ್‌ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. ನಿಮ್ಮ ಕಿವಿಯ ಮೇಲೆ ನನಗೆ ಹೆಮ್ಮೆಯಾಯಿತು. ಎಷ್ಟು ವರ್ಷವಾಯಿತು ನೀವು ಮದ್ದಳೆ ಮುಟ್ಟದೆ ಎಂದು ನೆನೆದು ಬೇಸರವೂ ಆಯಿತು. ಆಟ ಇಲ್ಲದ ಹೊತ್ತಿನಲ್ಲಿ ಅದೇ ಹೆಡ್‌ಫೋನಿನಲ್ಲಿ ಯಕ್ಷಗಾನ ಕೇಳುತ್ತೇನೆ. ಕೆಲವೊಮ್ಮೆ ಮದ್ದಳೆಯ ಬದಿಯನ್ನು ಮಾತ್ರ ಕಿವಿಗಿಟ್ಟುಕೊಳ್ಳುತ್ತೇನೆ.

ಇನ್ನು ಸೌಂಡ್ ಕಾರ್ಡಿನ ಮಾತು. ಮೌಸಿನ ಕಿರ್ ಇನ್ನೂ ನಿಂತಿಲ್ಲ, ಆದ್ದರಿಂದ ಕಾರ್ಡು ಬೇಕೇ ಬೇಕು. ಆದರೆ ನೀವು ಕಳಿಸಬೇಡಿ. ಮಂಗಳೂರಿನಲ್ಲಿ ಸಿಗುತ್ತದೆ, ಶ್ಯಾಮ ವಾರಕ್ಕೊಮ್ಮೆ ಸಾಮಾನಿಗೆ ಹೋಗುವಾಗ ತಂದುಕೊಡುತ್ತಾನೆ. ಮೊದಲೂ ಸಿಗುತ್ತಿತ್ತು. ನಿಮ್ಮ ಹತ್ತಿರ ಕೇಳುವ ಅಗತ್ಯವೇ ಇರಲಿಲ್ಲ. ಔಷಧಿ, ಅಕ್ಕಿ, ಕರೆಂಟು ಬಿಲ್ಲು, ಇವಲ್ಲದೆ ನಿಮ್ಮ ಹತ್ತಿರ ನನ್ನದು ಎಂದು ಏನಾದರೂ ಕೇಳಬೇಕೆಂದು ಆಸೆಯಾಯಿತು, ಅದಕ್ಕೇ ಕೇಳಿದೆ. ನೀವು ತಿಳಿದದ್ದು ತಪ್ಪು, ಆದರೆ ಪೂರ್ತಿ ತಪ್ಪಲ್ಲ. ಇದನ್ನು ಬಾಯಿಯಲ್ಲಿ ಹೇಳಿದ್ದರೆ ಅತ್ತೆಗೆ ದಾಟಿಸಲು ಕಷ್ಟವಾಗುತ್ತಿತ್ತು.

ನನಗೆ ನಿಮ್ಮ ಮೇಲೆ ಈಗ ಕೋಪವಿಲ್ಲ. ಕಾರ್ಡನ್ನು ಗೋದ್ರೇಜಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೇನೆ. ದಿನಕ್ಕೊಮ್ಮೆ ಬಿಡಿಸಿ ಬಿಡಿಸಿ ಅದರ ಸ್ವರ ಸ್ವಲ್ಪ ಎಳೆಯುತ್ತಿದೆ, ಸೆಲ್ಲು ಮುಗಿಯುತ್ತ ಬಂದಿರಬೇಕು. ಮುಗಿಯುವ ಮೊದಲು ನಿಮ್ಮ ಸ್ವರ ಕೇಳಬೇಕು. ನನ್ನೊಡನೆ ಮಾತಾಡಿ.

ಅಂತೆ ಇಲ್ಲದೆ,
ನಿಮ್ಮ
ಪ್ರಫುಲ್ಲಾ
(ಇನಿಶಿಯಲ್ ಹಾಕಿಲ್ಲ, ಗಮನಿಸಿ)

ವಿ. ಸೂ.: ಕಾಗದ ಅಂಟಿಸುವ ಮೊದಲು ಅತ್ತೆಗೆ ಸೌಂಡ್ ಕಾರ್ಡಿನ ಭಾಗ ಮಾತ್ರ ಓದಿ ಹೇಳಿದೆ. ಗೊತ್ತಿಲ್ಲದೆ ಆದದ್ದು, ಬೇಸರ ಮಾಡಿಕೊಳ್ಳಬೇಡಿ ಎಂದು ಸಮಾಧಾನವನ್ನೂ ಹೇಳಿದೆ. ಅವರು ತೆಂಗಿನಕಾಯಿ ಹೆರೆಯುವುದನ್ನು ನಿಲ್ಲಿಸಲಿಲ್ಲ. ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ:

“ದಿನಾ ಮಧ್ಯಾಹ್ನ ನಿನ್ನ ಅಂಗಡಿಗೆ ಬುತ್ತಿ ತರುವವಳು ನಾನು. ನೀನೂ ಶ್ಯಾಮನೂ ಆ ಕಾರ್ಡಿನ ಬಗ್ಗೆ ಮಾತಾಡಿ ಮಾತಾಡಿ ನನ್ನ ತಲೆ ತಿಂದಿದ್ದೀರಿ. ಅದು ಎಂತದು ಅಂತ ನನಗೆ ಗೊತ್ತಿಲ್ಲವಾ? ಹೂವಿನ ಚಿತ್ರ ಇದ್ದದ್ದು ಆಗಬೇಕಂತೆ ಅಂತ ಅವನಿಗೆ ಹೇಳಿದ್ದೂ ನಾನೇ. ಈ ಶುಕ್ರವಾರ ಫೋನು ನೀನೇ ತೆಗಿ. ನಾನು ಆ ಹೆಡ್‌ಫೋನ್ ಹಾಕಿ ಯಕ್ಷಗಾನ ಕೇಳ್ತಾ ಇರ್ತೇನೆ. ನನಗೆ ರಿಂಗ್ ಕೇಳ್ಲಿಕ್ಕಿಲ್ಲ.”