ಜಗಲಿಯ ಬಳುಕುಹಲಗೆ

ಅಕ್ಕಾ,

ಚಾರ್ಲ್ಸ್‌ಟನ್ ಎಷ್ಟು ಚೆಂದ ಗೊತ್ತೇನೇ! ಆದರೆ ಅಮ್ಮ ಹೇಳಿದ್ದಂತೆಯೇ ಮದುವೆಯಾಗಿ ವಾರದೊಳಗೆ ಜಗಳವೂ ಆಯಿತು. ಹಳೆಯ ಬಂಗಲೆ ನೋಡಲು ಟಿಕೆಟ್ ಕೊಳ್ಳೋಣವೆಂದು ವೆಂಡೆಲ್ ಹಟ ಹಿಡಿದ. ಅದು ಊಟದ ದುಡ್ಡೆಂದು ನಾನು ಬಿಡಲಿಲ್ಲ. ಮಾತು ಬಿಟ್ಟು ನಡೆಯುತ್ತಿದ್ದಾಗ ಒಂದು ಬೀದಿಬಾಗಿಲು ತೆರೆದಿತ್ತು. ಪುಕ್ಕಟೆ ಮ್ಯೂಸಿಯಂ ಎಂದುಕೊಂಡು ನುಗ್ಗಿದರೆ, ಅದು ಯಾರದೋ ಮನೆಯ ಜಗಲಿ! ಇಲ್ಲಿ ಬೀದಿಬಾಗಿಲು ತೆರೆಯುವುದೇ ಮನೆ ಪಕ್ಕದ ಜಗಲಿಗಂತೆ. ಬೀನ್ಸ್ ಕಾಳು ಬಿಡಿಸುತ್ತಿದ್ದ ಅಜ್ಜಿ, "ಈ ಬಾಗಿಲು ತೆಗೆದಿದ್ರೆ ಬನ್ನಿ ಅಂತಾನೇ ಅರ್ಥ ಕಣಮ್ಮ, ಕೂತ್ಕೊಳ್ಳಿ" ಎಂದರು. ಅಲ್ಲಿದ್ದ, ಎರಡು ತುದಿಗಳಲ್ಲಷ್ಟೇ ಕಾಲಿದ್ದ ಉದ್ದನೆಯ ಹಲಗೆಯ ಆ ತುದಿಗೆ ಅವನು, ಈ ತುದಿಗೆ ನಾನು ಕೂತೆವು. ಹಲಗೆ ಬಳುಕಿ ಬಳುಕಿ ಇಬ್ಬರೂ ಜಾರುತ್ತಾ ನಡುವೆ ಬಂದು ಢಿಕ್ಕಿ ಹೊಡೆದೆವು!

"ಅದಕ್ಕೇ ಮಾಡ್ಸಿದ್ದು ಅದನ್ನ," ಅಜ್ಜಿ ತಲೆಯೆತ್ತದೆ ಹೇಳಿದರು.

ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಬೇರೆಲ್ಲ ಸುಖ. ಅಮ್ಮನಿಗೆ ಓದಿ ಹೇಳುವಾಗ ಹಲಗೆಯಿಂದ ಶುರುಮಾಡು.

ನಿನ್ನ ನೋರೀನ್