ಗಡ್ಡಪ್ಪನ ತಳಿ

ನವೆಂಬರ್ ೯

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋದರೂ ಕೈ ಮಗಳೇ ಎಂದೇ ಬರೆಯುತ್ತದೆ. ಹುಷಾರಾಗಿದ್ದೀಯಾ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ನನ್ನ ಮಂಡಿನೋವು ಇದ್ದಲ್ಲೇ ಇದೆ. ನಿನ್ನ ಗಂಡ ತೀರಿಕೊಂಡ ಮೇಲೆ ನನಗೆ ಲ್ಯಾಬೇ ಮನೆ ಎಂಬುದು ನಿನಗೆ ಗೊತ್ತಲ್ಲ. ಈ ಸಲ ಅಲ್ಲಿಯೂ ಸಾವೇ.

ನಮ್ಮ ಫಾರ್ಮಿನ ಮುದಿ ಹೋತ ಗಡ್ಡಪ್ಪ ನೆನಪಿದ್ದಾನಾ? ನಿನ್ನ ಕೈಚೀಲದ ಪಟ್ಟಿ ಅಗಿದುಬಿಟ್ಟಿದ್ದನಲ್ಲ, ಅವನೇ. ಅವನ ತಳಿಯಲ್ಲಿ ಉಳಿದಿದ್ದ ಒಂದೇ ಗಂಡು. ಮೂತ್ರಪಿಂಡ ಕೆಟ್ಟು ಸೊರಗತೊಡಗಿದ. ಜೀವ ಇರುವಾಗಲೇ ವೀರ್ಯ ತೆಗೆದು ಹೆಪ್ಪುಗಟ್ಟಿಸಿಡೋಣ ಎಂದು ನಮ್ಮ ಡಾಕ್ಟರಮ್ಮ ಹೊರಟರು.

ಹೋರಿಗಳದ್ದಕ್ಕೆ ನಾವು ಮೊಟ್ಟೆಯ ಹಳದಿ ಬೆರೆಸುತ್ತೇವೆ. ಅದರ ಕೊಬ್ಬು ಚಳಿಯಲ್ಲಿ ವೀರ್ಯಾಣುವಿಗೆ ಕಂಬಳಿ ಹೊದಿಸಿದ ಹಾಗೆ. ಹೋತದ್ದು ಬೇರೆ ಕಥೆ. ಅದರ ವೀರ್ಯದ ನೀರಿನಲ್ಲಿರುವ ಒಂದು ಅಂಶ ಆ ಕೊಬ್ಬನ್ನೇ ಒಡೆದು ವಿಷ ಮಾಡುತ್ತದೆ. ಹಾಗಾಗಿ ಮೊದಲು ಯಂತ್ರದಲ್ಲಿ ತಿರುಗಿಸಿ, ತೊಳೆದು, ಆ ನೀರನ್ನು ತೆಗೆಯಬೇಕು. ಹಾಗೆ ತಿರುಗಿಸುವಾಗಲೂ ಒಂದಷ್ಟು ವೀರ್ಯಾಣು ಸಾಯುತ್ತವೆ.

"ತೊಳೆದ್ರೆ ಕೆಲವು ಹೋಗ್ತವೆ, ತೊಳೀದಿದ್ರೆ ಎಲ್ಲಾ ಹೋಗಬಹುದು. ಇರೋದೇ ಇಷ್ಟು. ಏನ್ಮಾಡೋಣ?" ಎಂದರು ಡಾಕ್ಟರಮ್ಮ.



ಕೊನೆಗೆ ಎರಡು ಪಾಲು ಮಾಡಿ, ಒಂದನ್ನು ತೊಳೆದು, ಇನ್ನೊಂದನ್ನು ಹಾಗೇ ಹೆಪ್ಪುಗಟ್ಟಿಸಿದರು. ತೊಳೆಯದ ಪಾಲನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೂ ಅಲುಗಲಿಲ್ಲ. ತೊಳೆದದ್ದರಲ್ಲಿ ಅಲ್ಲೊಂದು ಇಲ್ಲೊಂದು ಈಜುತ್ತಿತ್ತು. "ಜೀವ ಇದೆ! ಬನ್ನಿ, ನೋಡಿ!" ಎಂದು ನನ್ನನ್ನು ತಬ್ಬಿಕೊಂಡರು. ಇನ್ನೊಮ್ಮೆ ತೆಗೆಯುವಷ್ಟರಲ್ಲಿ ಗಡ್ಡಪ್ಪ ಹೋಗಿಬಿಟ್ಟ. ಅವನನ್ನು ಮೇಯಿಸುತ್ತಿದ್ದ ಮುದುಕ ಕೊಟ್ಟಿಗೆ ಬಾಗಿಲಲ್ಲಿ ಕೂತು, "ಇನ್ಮೇಲೆ ಬೆಳಗಾಗೆದ್ದು ಯಾರನ್ನ ಬೈಯ್ಲಿ?" ಎಂದು ಅತ್ತ.

ಇದ್ದಷ್ಟನ್ನು ಅದೇ ತಳಿಯ ಮೂರು ಮೇಕೆಗಳಿಗೆ ಹಾಕಿದೆವು. ಎರಡು ಮತ್ತೆ ಬೆದೆಗೆ ಬಂದವು. ಮೂರನೆಯದಕ್ಕೆ ಗಬ್ಬ ನಿಂತಿತು. ಸ್ಕ್ಯಾನಿನಲ್ಲಿ ಪುಟ್ಟ ಮಿಡಿತವನ್ನೂ ನೋಡಿದೆ. ಮೊನ್ನೆ, ದಿನ ತುಂಬುವ ಮೊದಲೇ, ಅದೂ ಕಂದುಹಾಕಿತು, ಮರಿ ಉಳಿಯಲಿಲ್ಲ. ಡಾಕ್ಟರಮ್ಮ ನಲ್ಲಿ ಬಿಟ್ಟುಕೊಂಡು ಕೈ ತೊಳೆಯುತ್ತಲೇ ಇದ್ದರು. ನಾನೇ ಹೋಗಿ ನಲ್ಲಿ ನಿಲ್ಲಿಸಿದೆ.

"ಇನ್ನೇನ್ ಮಾಡಬಹುದಿತ್ತು ನಾವು?"

"ಏನೂ ಇಲ್ಲ ಕಣಮ್ಮ" ಎಂದೆ. ಅವರಿಗೂ ನಿನ್ನದೇ ವಯಸ್ಸು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನೆ ಮತ್ತೆ ತುಂಬಲಿ, ಹಳೆಯ ನಗು ನಿನ್ನ ಮುಖಕ್ಕೆ ವಾಪಸ್ಸು ಬರಲಿ.

ನಿನ್ನ
ಅತ್ತೆ

ಮರೆತಿದ್ದೆ ಎಂದರೆ ಸುಳ್ಳಾದೀತು, ಬೇಕೆಂದೇ ಕೊನೆಗಿಟ್ಟೆ. ಕ್ಯಾನ್ಸರ್ ಔಷಧಿ ಶುರುವಾಗುವ ಮೊದಲು ಆಸ್ಪತ್ರೆಯವರು ನನ್ನ ಮಗನದನ್ನೂ ಹೀಗೇ ಹೆಪ್ಪುಗಟ್ಟಿಸಿಟ್ಟರಲ್ಲ, ಇನ್ನೂ ಇಡಬೇಕಾ ಎಂದು ಈಗ ಕೇಳುತ್ತಿದ್ದಾರೆ, "ಅತ್ತೆ, ನಿಮಗೆ ಮೊಮ್ಮಗು ಬೇಕು ಅಂದ್ರೆ ನಾನು ಸಿದ್ಧ" ಎಂದು ಬರೆದಿದ್ದೀಯ. ನನಗೆ ಬೇಕು. ಬೇಕು ಬೇಕು ಎಂದು ಮನಸ್ಸು ಹಟ ಹಿಡಿದಿದ್ದಕ್ಕೇ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಆದರೆ ನಿನಗೆ ಬೇಕು ಎಂಬ ಮಾತು ನಿನ್ನ ಕಾಗದದಲ್ಲಿ ಎಲ್ಲಿಯೂ ಇಲ್ಲ, ಹುಡುಕಿದೆ. ನಿನ್ನ ಜೊತೆ ಕೆಲಸ ಮಾಡುವ ಆ ಒಬ್ಬರ ಮಾತು ಮಾತ್ರ ಎರಡು ಕಡೆ ಬಂದಿದೆ. ಆಸ್ಪತ್ರೆಯವರಿಗೆ ಬೇಡ ಎಂದು ಬರೆದು ಸಹಿ ಹಾಕಿಬಿಡು. ಅವರು ಅದನ್ನು ಹೊರಗೆ ತೆಗೆಯುವ ದಿನ ಯಾವುದು ಎಂದು ಮಾತ್ರ ನನಗೆ ಹೇಳಬೇಡ.