ಕೈಯಲ್ಲಿ ಉಳಿದ ಲಾಕ್

ಅಣ್ಣಾ,

ನಿನ್ನ ಪಿಕಪ್‌ನ ಉದ್ದ ಗೇರ್ ಲಿವರ್ ಬಿಚ್ಚಿ ಇವತ್ತು ಗಿಡ್ಡದ್ದು ಹಾಕಿದೆ. ಹಟ ನಿನ್ನ ಮಗಳದು. "ಚಿಕ್ಕಪ್ಪ, ಮೂರನೇ ಗೇರ್ ಹಾಕೋಕೆ ಡ್ಯಾಶ್‌ಬೋರ್ಡ್‌ವರೆಗೂ ಕೈ ಚಾಚ್ಬೇಕು," ಎಂದು ತಿಂಗಳಿಂದ ನನ್ನ ತಲೆ ತಿಂದಿದ್ದಳು. ಹೊಸ ಲಿವರನ್ನು ಎರಡು ಸಲ ಆಡಿಸಿ ನೋಡಿ ನಕ್ಕಳು, ಇಳಿಜಾರು ಹಿಡಿದು ಹೊರಟೇಬಿಟ್ಟಳು. ನೀನು ಕೊನೆಯ ಸಲ ಬೈಕಿನಲ್ಲಿ ಇಳಿದ ಅದೇ ಇಳಿಜಾರು.

ಪಾನಾ ಎತ್ತಿಡುವಾಗ ಒರೆಸುವ ಬಟ್ಟೆಯ ಕೆಳಗೆ ಲಾಕ್ ಸಿಕ್ಕಿತು. ಲಿವರನ್ನು ಬುಡದಲ್ಲಿ ಹಿಡಿದಿಡುವ ಬಳೆ ಅದು. ಅದಿಲ್ಲದೆ ಜೋರಾಗಿ ಎಳೆದರೆ ಲಿವರ್ ಕಿತ್ತು ಕೈಗೇ ಬರುತ್ತದೆ.

"ಕೊನೇಲಿ ಕೈಯಲ್ಲಿ ಏನಾದ್ರೂ ಉಳಿದ್ರೆ ಕೆಲಸ ಮುಗಿದಿಲ್ಲ ಕಣೋ," ಅಂತ ನೀನು ಬೈಯುತ್ತಿದ್ದೆ.

ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಪುಣ್ಯಕ್ಕೆ, ತಿರುವಿಗಿಂತ ಮೊದಲೇ ಎದುರಿನ ಲಾರಿಗೆ ದಾರಿ ಬಿಟ್ಟು ನಿಂತಿದ್ದಳು.

"ಒಂದು ಲಾಕ್‌ಗೆ ಇಷ್ಟು ಹೆದರ್ತಾರಾ ಚಿಕ್ಕಪ್ಪ?" ಎಂದಳು.

ಅಲ್ಲೇ ಲಾಕ್ ಕೂರಿಸಿ ಬಂದೆ. ನಿನ್ನ ಬೈಕಿನ ಬ್ರೇಕ್ ಜೋಡಿಸಿದ ದಿನವೂ, ನೀನು ಹೊರಟ ಮೇಲೆ, ನನ್ನ ಜೇಬಿನಲ್ಲಿ ಉಳಿದಿದ್ದ ಒಂದು ಪಿನ್ನು ಕೈಗೆ ಸಿಕ್ಕಿತ್ತು.

ಅಂದು ನಾನು ಓಡಲಿಲ್ಲ.